ಉದ್ಯೋಗ ಮಾರುಕಟ್ಟೆಯ ಮಾಹಿತಿ ನೋಡಿ ಕೋರ್ಸ್ ಆರಿಸಬಹುದೇ?

ಪ್ರಶ್ನೆ: ನನ್ನ ಮಗ ದ್ವಿತೀಯ ಪಿಯುಸಿ ಮುಗಿಸಿ ಸಿಇಟಿ ಬರೆದಿದ್ದಾನೆ. ಯಂತ್ರಗಳೆಂದರೆ ಅವನಿಗೆ ಬಹಳ ಆಸಕ್ತಿ. ಮೆಕ್ಯಾನಿಕಲ್ ಓದುತ್ತೇನೆ ಎನ್ನುತ್ತಾನೆ. ಕಂಪ್ಯೂಟರ್ ಸೈನ್ಸ್ ಬಿಟ್ಟರೆ ಕೆಲಸವೇ ಸಿಗದು ಎಂಬುದು ಅವನ ಸೋದರಮಾವನ ವಾದ. ಇತ್ತ ಸಾಫ್ಟ್‌ವೇರ್ ಕಂಪನಿಗಳು ನೌಕರರನ್ನು ತೆಗೆಯುತ್ತಿರುವ ಸುದ್ದಿಯೂ ಬರುತ್ತಿದೆ. ಉದ್ಯೋಗ ಮಾರುಕಟ್ಟೆಯ ಮಾಹಿತಿ ನೋಡಿ ನಿರ್ಧರಿಸಿ ಎಂದು ಉಪನ್ಯಾಸಕರೊಬ್ಬರು ಹೇಳಿದರು. ಅದನ್ನು ಎಲ್ಲಿ ನೋಡಬೇಕು, ಎಷ್ಟರ ಮಟ್ಟಿಗೆ ನಂಬಬಹುದು?
— ಒಬ್ಬ ತಾಯಿ, ರಾಜಾಜಿನಗರ, ಬೆಂಗಳೂರು

ಉತ್ತರ: ನಿಮ್ಮ ಮಗ ಕೆಲಸ ಹುಡುಕುವುದು ನಾಲ್ಕು ವರ್ಷಗಳ ನಂತರ, ಈಗ ಸಿಗುವ ಮಾಹಿತಿಯೆಲ್ಲ ಈಗಿನ ಬೇಡಿಕೆಯದು. ಒಂದು ಶಾಖೆಗೆ ಒಳ್ಳೆಯ ಸಂಬಳವಿದೆಯೆಂದು ಎಲ್ಲರೂ ಅದಕ್ಕೇ ಸೇರಿದರೆ, ಅವರು ಪದವಿ ಮುಗಿಸುವ ಹೊತ್ತಿಗೆ ಅಭ್ಯರ್ಥಿಗಳು ಹೆಚ್ಚಾಗಿ ಆರಂಭಿಕ ಸಂಬಳ ಕುಗ್ಗುತ್ತದೆ. ಅದನ್ನು ಕಂಡು ಮುಂದಿನವರು ಹಿಂದೆ ಸರಿದಾಗ ಮತ್ತೆ ಕೊರತೆಯಾಗುತ್ತದೆ. ಎಂಜಿನಿಯರುಗಳ ವಿಷಯದಲ್ಲಿ ಈ ಏರಿಳಿತವನ್ನು ಅರ್ಥಶಾಸ್ತ್ರಜ್ಞರು 1970ರ ದಶಕದಲ್ಲಿಯೇ ಗುರುತಿಸಿದ್ದಾರೆ. ಆದ್ದರಿಂದ ಸೋದರಮಾವನವರ ಮಾತನ್ನಾಗಲಿ, ಕೆಲಸ ಕಡಿತದ ಸುದ್ದಿಯನ್ನಾಗಲಿ ಕೊನೆಯ ಮಾತೆಂದು ತಿಳಿಯಬೇಡಿ.

ಎಷ್ಟು ಜನರಿಗೆ ಕೆಲಸವಿದೆ, ಎಷ್ಟು ಜನರಿಗಿಲ್ಲ ಎಂದು ತಿಳಿಯಲು ಕೇಂದ್ರ ಸರ್ಕಾರ 2017ರಿಂದ ನಡೆಸುತ್ತಿರುವ ಪಿಎಲ್‌ಎಫ್‌ಎಸ್ ಸಮೀಕ್ಷೆಯಿಂದ ರಾಜ್ಯದ ನಿರುದ್ಯೋಗದ ಪ್ರಮಾಣ ತಿಳಿಯುತ್ತದೆಯೇ ಹೊರತು, ಯಾವ ಶಾಖೆ ಓದಿದವರಿಗೆ ಪೀಣ್ಯದ ಕಾರ್ಖಾನೆಗಳಲ್ಲಿ ಕೆಲಸವಿದೆ ಎಂಬುದು ತಿಳಿಯುವುದಿಲ್ಲ. 2015ರಲ್ಲಿ ಆರಂಭವಾದ ನ್ಯಾಷನಲ್ ಕೆರಿಯರ್ ಸರ್ವಿಸ್ ಜಾಲತಾಣದಲ್ಲಿಯೂ ರಾಜ್ಯದ ಸ್ಕಿಲ್ ಕನೆಕ್ಟ್‌ನಲ್ಲಿಯೂ ಖಾಲಿ ಹುದ್ದೆಗಳನ್ನು ನೋಡಬಹುದು. ಅಲ್ಲಿ ಹುದ್ದೆಗಳ ಸಂಖ್ಯೆಗಿಂತ ಅವುಗಳಿಗೆ ಕೇಳಿರುವ ಕೌಶಲಗಳನ್ನು ಬರೆದಿಟ್ಟುಕೊಳ್ಳಿ. ಸಣ್ಣ ಕಾರ್ಖಾನೆಗಳು ಅನೇಕ ಸಲ ಗೇಟಿಗೆ ‘ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರದ) ಆಪರೇಟರ್ ಬೇಕಾಗಿದ್ದಾರೆ’ ಎಂದು ಬೋರ್ಡು ತೂಗುಹಾಕಿಯೋ ಪರಿಚಯದವರ ಮೂಲಕವೋ ಜನರನ್ನು ತೆಗೆದುಕೊಳ್ಳುವುದರಿಂದ ಅಂಥ ಕೆಲಸಗಳು ಯಾವ ಜಾಲತಾಣದ ಲೆಕ್ಕಕ್ಕೂ ಬರುವುದಿಲ್ಲ.

ನಿಮಗೆ ಹೆಚ್ಚು ಉಪಯೋಗಕ್ಕೆ ಬರುವ ಮಾಹಿತಿ ಕಾಲೇಜುಗಳ ಬಳಿಯೇ ಇದೆ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗುವ ‘ಅತ್ಯಧಿಕ ಪ್ಯಾಕೇಜ್’ ಒಬ್ಬ ವಿದ್ಯಾರ್ಥಿಯದೂ ಆಗಿರಬಹುದು; ಅದನ್ನು ಬದಿಗಿಡಿ. ಕೇಂದ್ರ ಸರ್ಕಾರ ಕಾಲೇಜುಗಳಿಗೆ ಕೊಡುವ ಎನ್‌ಐಆರ್‌ಎಫ್ ಶ್ರೇಯಾಂಕದಲ್ಲಿ ಪಾಲ್ಗೊಳ್ಳುವ ಕಾಲೇಜುಗಳು ಅದಕ್ಕೆ ಸಲ್ಲಿಸಿದ ವಿವರಗಳನ್ನು ತಮ್ಮ ಜಾಲತಾಣದಲ್ಲಿ ಪ್ರಕಟಿಸಬೇಕು. ಆ ಕೋಷ್ಟಕದಲ್ಲಿ ಎಷ್ಟು ಮಂದಿ ಸೇರಿದರು, ನಿಗದಿತ ಅವಧಿಯಲ್ಲಿ ಎಷ್ಟು ಮಂದಿ ತೇರ್ಗಡೆಯಾದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು ಎಂಬುದರ ಜೊತೆಗೆ ಮಧ್ಯಾಂಕ ವೇತನವೂ, ಅಂದರೆ ಎಲ್ಲ ಸಂಬಳಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಸಂಬಳವೂ ಇರುತ್ತದೆ. ಕೆಲಸ ಸಿಕ್ಕವರನ್ನು ಸೇರಿದವರ ಸಂಖ್ಯೆಯೊಂದಿಗೆ ಹೋಲಿಸಿ ನೋಡಿ. ಉನ್ನತ ವ್ಯಾಸಂಗಕ್ಕೆ ಹೋದವರನ್ನು ಕೆಲಸ ಸಿಗದವರ ಜೊತೆ ಸೇರಿಸಬೇಡಿ. ಈ ಅಂಕಿಗಳನ್ನು ಕಾಲೇಜೇ ಕೊಟ್ಟಿರುತ್ತದೆ, ಅಲ್ಲದೆ ಶಾಖಾವಾರು ವಿವರ ಅದರಲ್ಲಿರುವುದಿಲ್ಲ. ಆದ್ದರಿಂದ ಪ್ಲೇಸ್‌ಮೆಂಟ್ ಕಚೇರಿಗೆ ಮಗನೊಂದಿಗೆ ಹೋಗಿ, ಮೆಕ್ಯಾನಿಕಲ್ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ತಮ್ಮ ಶಾಖೆಯ ಕೆಲಸವೇ ಸಿಕ್ಕಿತೆಂದು ಕೇಳಿ. ಅವರಲ್ಲಿ ಕೆಲವರು ಸಾಫ್ಟ್‌ವೇರ್ ಕಂಪನಿಗೆ ಸೇರಿರುವುದೂ ಉಂಟು. ಉತ್ತರ ಕೊಡಲು ಹಿಂಜರಿಯುವ ಕಾಲೇಜನ್ನು ನಾನಾಗಿದ್ದರೆ ಪಟ್ಟಿಯ ಕೆಳಗಿಡುತ್ತಿದ್ದೆ.

ಆರಂಭದ ಸಂಬಳವೊಂದನ್ನೇ ನೋಡುವುದೂ ತರವಲ್ಲ. ನಿಮ್ಮ ಬಂಧುಬಳಗದಲ್ಲಿ ಮೆಕ್ಯಾನಿಕಲ್ ಓದಿ ಈಗಷ್ಟೇ ಕೆಲಸಕ್ಕೆ ಸೇರಿದವರನ್ನೂ ಹತ್ತು ವರ್ಷ ಅನುಭವವಿರುವವರನ್ನೂ ಹುಡುಕಿ, ದಿನವಿಡೀ ಮಾಡುವ ಕೆಲಸವೇನೆಂದು ಮಗನೇ ಕೇಳಿ ತಿಳಿಯಲಿ. ಅವನ ಆಸಕ್ತಿ ಆಗಲೂ ಕುಂದದಿದ್ದರೆ, ಸಿಇಟಿ ಆಪ್ಷನ್ ಎಂಟ್ರಿ (ಬೇಕಾದ ಸೀಟುಗಳನ್ನು ಆದ್ಯತೆಯ ಕ್ರಮದಲ್ಲಿ ನಮೂದಿಸುವುದು) ಮಾಡುವಾಗ ಒಳ್ಳೆಯ ದಾಖಲೆಯಿರುವ ಕಾಲೇಜಿನ ಮೆಕ್ಯಾನಿಕಲ್ ಸೀಟನ್ನು ದುರ್ಬಲ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಸೀಟಿಗಿಂತ ಮೇಲೆ ನಮೂದಿಸಲು ಅಂಜಬೇಡಿ.