ಓದುಗರ ಪ್ರಶ್ನೆ, ನಮ್ಮ ಉತ್ತರ: ಜಾತ್ರೆಯ ಫೋಟೊ ಮತ್ತು ನಕಲಿ ಖಾತೆ

ಪ್ರಶ್ನೆ: ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಮನೆಮಂದಿಯೆಲ್ಲ ಹೋಗಿದ್ದೆವು. ಅಲ್ಲಿ ತೆಗೆದ ಫೋಟೊಗಳನ್ನು ನನ್ನ ತಮ್ಮ ಫೇಸ್‌ಬುಕ್‌ಗೆ ಹಾಕಿದ. ಅದರಲ್ಲಿದ್ದ ನನ್ನ ಮಗಳ ಮುಖವನ್ನಷ್ಟೇ ಕತ್ತರಿಸಿಕೊಂಡು, ಯಾರೋ ಅವಳ ಹೆಸರಿನಲ್ಲಿ ಇನ್‌ಸ್ಟಾಗ್ರಾಂ ಖಾತೆ ತೆರೆದು ಸಹಪಾಠಿಗಳಿಗೆ ಅಸಭ್ಯ ಸಂದೇಶ ಕಳಿಸುತ್ತಿದ್ದಾರೆ. ಅವಳಿಗೆ ಹತ್ತೊಂಬತ್ತು ವರ್ಷ. ಫೋನು ಕಿತ್ತುಕೊಂಡು ಅವಳ ಖಾತೆ ಮುಚ್ಚಿಸಿಬಿಡು ಎಂದು ಮನೆಯ ಹಿರಿಯರು ಹೇಳುತ್ತಿದ್ದಾರೆ. ಏನು ಮಾಡಲಿ?
– ಒಬ್ಬ ತಂದೆ, ಗಂಗಾವತಿ

ಉತ್ತರ: ಫೋನನ್ನು ಮಗಳ ಕೈಯಲ್ಲೇ ಬಿಡಿ. ತಪ್ಪು ಮಾಡಿದವರು ಬೇರೆ, ಶಿಕ್ಷೆ ಅವಳಿಗೆ ಎಂಬಂತಾಗಬಾರದು. ಅದಲ್ಲದೆ ಅವಳ ನಿಜವಾದ ಖಾತೆ ಮುಚ್ಚಿಹೋದರೆ ಆ ಹೆಸರಿನಲ್ಲಿ ಉಳಿಯುವುದು ನಕಲಿ ಖಾತೆಯೊಂದೇ. ಗೆಳತಿಯರಿಗೆ ಯಾವುದು ಅಸಲಿ ಎಂದು ತಿಳಿಯುವ ದಾರಿಯೂ ಇಲ್ಲವಾಗುತ್ತದೆ.

ದೂರು ಕೊಡುವುದಕ್ಕೆ ಮುಂಚೆ ಸಾಕ್ಷ್ಯ ಕೂಡಿಡಿ, ಏಕೆಂದರೆ ಖಾತೆ ಅಳಿಸಿಹೋದ ಮೇಲೆ ತೋರಿಸಲು ಏನೂ ಉಳಿಯುವುದಿಲ್ಲ. ನಕಲಿ ಖಾತೆಯ ಪುಟ, ಅದರ ಲಿಂಕ್, ಸಹಪಾಠಿಗಳಿಗೆ ಬಂದ ಸಂದೇಶಗಳು, ಅವುಗಳ ದಿನ ಮತ್ತು ಸಮಯ ಇವೆಲ್ಲ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಅನಂತರ ಮಗಳು ಆ ನಕಲಿ ಖಾತೆಯ ಪುಟದಿಂದಲೇ, ಬೇರೆಯವರಂತೆ ನಟಿಸುತ್ತಿರುವ ಖಾತೆ ಎಂದು ರಿಪೋರ್ಟ್ ಮಾಡಲಿ. ಬೇರೊಬ್ಬರ ವೇಷ ಹಾಕಿದ ಅಥವಾ ತಿರುಚಿದ ಚಿತ್ರವಿರುವ ಬರಹ-ಚಿತ್ರಗಳ ಬಗ್ಗೆ ಬಾಧಿತರು ದೂರಿತ್ತರೆ ಕಂಪನಿ ಅದನ್ನು ತೆಗೆಯಲೇಬೇಕೆಂದು ಭಾರತ ಸರ್ಕಾರ 2021ರಲ್ಲಿ ತಂದ ಮಾಹಿತಿ ತಂತ್ರಜ್ಞಾನ ನಿಯಮಗಳು ವಿಧಿಸಿದವು. ಆಗ ಇಟ್ಟ ಗಡುವು 24 ಗಂಟೆ. ಸುಮ್ಮನೆ ಕಾಯದೆ ಕಂಪನಿಯ ಕುಂದುಕೊರತೆ ಅಧಿಕಾರಿಗೂ ಲಿಖಿತ ದೂರು ಕಳಿಸಿ.

ಇದರ ಜೊತೆಗೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ, ಅಂದರೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ, ಇಲ್ಲವೇ ಕೊಪ್ಪಳದ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿ. ಕಂಪ್ಯೂಟರ್ ಅಥವಾ ಮೊಬೈಲ್ ಬಳಸಿ ಬೇರೊಬ್ಬರ ಹೆಸರಿನಲ್ಲಿ ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನ ಪ್ರಕಾರ ಮೂರು ವರ್ಷದವರೆಗೆ ಜೈಲುವಾಸಕ್ಕೆ ದಾರಿಯಾಗುವ ಅಪರಾಧ. ಒಂದು ವೇಳೆ ಅವಳ ಮುಖವನ್ನು ನಗ್ನ ಚಿತ್ರಕ್ಕೆ ಅಂಟಿಸಿ ಬೆದರಿಸಿದರೆ ಹಣ ಕೊಡಬೇಡಿ, ಮಗಳನ್ನು ಒಂಟಿಯಾಗಿ ಬಿಡಬೇಡಿ. 2021ರ ಕೊನೆಯಲ್ಲಿ ಆರಂಭವಾದ ಸ್ಟಾಪ್‌ಎನ್‌ಸಿಐಐ ಎಂಬ ಉಚಿತ ಸೇವೆ, ಹದಿನೆಂಟು ತುಂಬಿದವರಿಗಾಗಿ, ಅಂಥ ಚಿತ್ರದ ಬೆರಳಚ್ಚಿನಂಥ ಗುರುತೊಂದನ್ನು ನಿಮ್ಮ ಫೋನಿನಲ್ಲೇ ತಯಾರಿಸುತ್ತದೆ. ಚಿತ್ರ ಫೋನು ಬಿಟ್ಟು ಹೋಗುವುದಿಲ್ಲ; ಆ ಗುರುತು ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮುಂತಾದ ಕಂಪನಿಗಳಿಗೆ ಹೋಗಿ, ಅದಕ್ಕೆ ಹೊಂದುವ ಚಿತ್ರವನ್ನು ಪತ್ತೆಹಚ್ಚಿ ತಡೆಯಲು ಅವುಗಳಿಗೆ ನೆರವಾಗುತ್ತದೆ.

ಇನ್ನು ನಿಮ್ಮ ತಮ್ಮನವರ ವಿಷಯ. ಈ ಅಂಕಣಕ್ಕೆ ಬರುವ ಪತ್ರಗಳನ್ನು ಓದುವಾಗ ನನ್ನನ್ನು ಹೆಚ್ಚು ಕಾಡುವುದು ಇದೇ: ಮನೆಯ ಹೆಣ್ಣುಮಕ್ಕಳು ಎಷ್ಟೇ ಎಚ್ಚರದಿಂದಿದ್ದರೂ ಅವರ ಮುಖ, ಊರು, ಕಾಲೇಜು, ಹುಟ್ಟಿದ ದಿನ ಎಲ್ಲವೂ ಕಾಕಾ, ಮಾವ, ಅಣ್ಣಂದಿರ ಅಕ್ಕರೆಯ ಪೋಸ್ಟುಗಳಿಂದಲೇ ಹೊರಬೀಳುತ್ತವೆ. ಲಗ್ನಪತ್ರಿಕೆಯ ಫೋಟೊ ಒಂದೇ ಸಾಕು, ಮನೆತನದ ಹೆಸರುಗಳೂ ವಿಳಾಸವೂ ಫೋನ್ ನಂಬರೂ ಒಟ್ಟಿಗೆ ಸಿಗುತ್ತವೆ. ತಮ್ಮನವರು ಜಾತ್ರೆಯ ಫೋಟೊಗಳನ್ನು ಫೇಸ್‌ಬುಕ್‌ನಿಂದ ಅಳಿಸಲಿ. ಹಳೆಯ ಪೋಸ್ಟುಗಳನ್ನೆಲ್ಲ ಒಂದೇ ಬಾರಿಗೆ ಸ್ನೇಹಿತರಿಗೆ ಮಾತ್ರ ಸೀಮಿತಗೊಳಿಸುವ ಆಯ್ಕೆ ಫೇಸ್‌ಬುಕ್‌ನ ಸೆಟ್ಟಿಂಗ್ಸ್‌ನಲ್ಲಿದೆ, ಅದನ್ನು ಒತ್ತಲಿ. 2020ರಿಂದ ನಮ್ಮ ದೇಶದಲ್ಲಿ ಲಭ್ಯವಿರುವ ಪ್ರೊಫೈಲ್ ಲಾಕ್ ಹಾಕಿಕೊಳ್ಳಲಿ. ಸ್ನೇಹಿತರಿಗೆ ಮಾತ್ರ ಎಂದು ಹಾಕಿದ ಫೋಟೊಗೆ ಯಾರನ್ನಾದರೂ ಟ್ಯಾಗ್ ಮಾಡಿದರೆ ಅದು ಸಾಮಾನ್ಯವಾಗಿ ಅವರ ಸ್ನೇಹಿತರಿಗೂ ಕಾಣುತ್ತದೆ ಎಂಬುದನ್ನು ಅವರಿಗೆ ತಿಳಿಸಿ. ನಮ್ಮ ಮನೆಯ ಫೋಟೊ ಹಾಕಲು ಯಾರ ಅಪ್ಪಣೆ ಬೇಕು ಎಂದು ಅವರು ಮುನಿಸಿಕೊಂಡರೆ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ್ದನ್ನು ಸಮಾಧಾನದಿಂದ ಹೇಳಿ. ಆ ಹಕ್ಕು ನಿಮ್ಮ ಮಗಳದೂ ಹೌದು. ಅವಳ ಫೋಟೊ ಹಾಕುವ ಮುಂಚೆ ಅವಳನ್ನು ಕೇಳುವ ರೂಢಿ ಮನೆಯಲ್ಲಿ ಬರಲಿ.

ಪ್ರಶ್ನೆ: ನಾನು ಬಳ್ಳಾರಿಯ ಕೌಲ್ ಬಜಾರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದೇನೆ. ಫೇಸ್‌ಬುಕ್‌ನಲ್ಲಿ ಫೋನ್ ನಂಬರು ಕಾಣದಂತೆ ಇಟ್ಟಿದ್ದರೂ ಗಿರಾಕಿಗಳೆಲ್ಲ 'ನಿಮಗೆ ಪರಿಚಯವಿರಬಹುದು' ಎಂಬ ಪಟ್ಟಿಯಲ್ಲಿ ಬರುತ್ತಾರೆ. ಇದು ಹೇಗೆ?
– ಓದುಗರು, ಬಳ್ಳಾರಿ

ಉತ್ತರ: ನಿಮ್ಮ ನಂಬರನ್ನು ನೀವು ಮರೆಮಾಡಿದ್ದರೂ ಗಿರಾಕಿಯ ಫೋನಿನಲ್ಲಿ ಅದು 'ಟೇಲರ್ ಅಕ್ಕ' ಎಂಬ ಹೆಸರಿನಲ್ಲಿ ಇದ್ದೇ ಇರುತ್ತದೆ. ಕಾಂಟ್ಯಾಕ್ಟ್ ಪಟ್ಟಿ ನೋಡಲು ಅನುಮತಿ ಕೊಡಿ ಎಂದು ಆ್ಯಪ್ ಕೇಳಿದಾಗ ಅವರು ಒಪ್ಪಿದರೆ ಇಡೀ ಪಟ್ಟಿ ಕಂಪನಿಗೆ ಹೋಗಿ ಹೊಂದಿಕೆಯಾಗುತ್ತದೆ. ಹೀಗೆ ನಂಬರಿನಿಂದ ಖಾತೆ ಹುಡುಕುವ ಸೌಲಭ್ಯವನ್ನೇ ದುರ್ಬಳಕೆ ಮಾಡಿ ಕದ್ದ 53 ಕೋಟಿಗೂ ಹೆಚ್ಚು ಫೇಸ್‌ಬುಕ್ ಬಳಕೆದಾರರ ವಿವರಗಳು 2021ರ ಏಪ್ರಿಲ್‌ನಲ್ಲಿ ಅಂತರ್ಜಾಲದಲ್ಲಿ ಬಯಲಾಗಿದ್ದವು. ನಂಬರಿನ ಮೂಲಕ ನಿಮ್ಮನ್ನು ಯಾರು ಹುಡುಕಬಹುದು ಎಂಬ ಸೆಟ್ಟಿಂಗನ್ನು 'ಓನ್ಲಿ ಮಿ'ಗೆ ಬದಲಿಸಿ, ನಿಮ್ಮ ಫೋನಿನಿಂದಲೂ ಕಾಂಟ್ಯಾಕ್ಟ್ ಅನುಮತಿ ಹಿಂಪಡೆಯಿರಿ. ಸಾಧ್ಯವಾದರೆ ಅಂಗಡಿಗೆ ಪ್ರತ್ಯೇಕ ಸಿಮ್ ಇಡಿ. ದಿನವಿಡೀ ಅಪರಿಚಿತರಿಗೆ ನಂಬರು ಕೊಡುವ ಕಸುಬಿನವರಿಗೆ ಅದೇ ಗಟ್ಟಿಯಾದ ರಕ್ಷಣೆ.

ಪ್ರಶ್ನೆ: ನಮ್ಮ ಸ್ವಸಹಾಯ ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಾಲದ ಅರ್ಜಿಗಾಗಿ ಎಲ್ಲರೂ ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ ಫೋಟೊ ಹಾಕಿದ್ದೇವೆ. ತೊಂದರೆ ಇದೆಯೇ?
– ಸಂಘದ ಸದಸ್ಯೆ, ದೇವದುರ್ಗ

ಉತ್ತರ: ಇದೆ. ಹಳ್ಳಿಗಳಲ್ಲಿ ಬೆರಳೊತ್ತಿ ಹಣ ತೆಗೆಯುವ ವ್ಯವಸ್ಥೆಗೆ ಬೇಕಾದದ್ದು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳಚ್ಚು. ಅದರಲ್ಲಿ ಎರಡನ್ನು ನೀವೇ ಗುಂಪಿಗೆ ಕೊಟ್ಟಂತಾಗಿದೆ. ಹಾಕಿದ ಸಂದೇಶವನ್ನು ಗುಂಪಿನ ಎಲ್ಲರಿಗೂ ಕಾಣದಂತೆ ಅಳಿಸುವ ಅವಕಾಶ ಎರಡು ದಿನಕ್ಕಿಂತ ಸ್ವಲ್ಪ ಹೆಚ್ಚು ಕಾಲ ಮಾತ್ರ ಇರುತ್ತದೆ, ಆದ್ದರಿಂದ ಹೊಸದಾಗಿ ಹಾಕಿದ್ದನ್ನು ಇಂದೇ ಅಳಿಸಿ. ಹಳೆಯವು ಎಲ್ಲರ ಗ್ಯಾಲರಿಯಲ್ಲೂ ಕೂತಿರುತ್ತವೆ. ಮುಂದಿನ ಸಭೆಯಲ್ಲಿ ಎಲ್ಲರೂ ಕೂಡಿ ಅಳಿಸಿಕೊಳ್ಳಿ. ಇನ್ನು ಮುಂದೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಪ್ರತಿಯನ್ನು ಅರ್ಜಿ ನೋಡಿಕೊಳ್ಳುವವರ ಕೈಗೇ ಕೊಡಿ. ಆಧಾರ್ ಆ್ಯಪ್‌ನಲ್ಲಿ ಬಯೊಮೆಟ್ರಿಕ್ ಲಾಕ್ ಹಾಕಿಕೊಳ್ಳಬಹುದು. ಅದಕ್ಕೆ ಆಧಾರಿಗೆ ಮೊಬೈಲ್ ನಂಬರು ಜೋಡಣೆಯಾಗಿರಬೇಕು, ಸಂದೇಹವಿದ್ದರೆ ಆಧಾರ್ ಸಹಾಯವಾಣಿ 1947ಕ್ಕೆ ಕರೆ ಮಾಡಿ. ಲಾಕ್ ಹಾಕಿದ ಮೇಲೆ ರೇಷನ್ ಅಂಗಡಿಯಲ್ಲೂ ಹೆಬ್ಬೆಟ್ಟು ಹಿಡಿಯುವುದಿಲ್ಲವಾದ್ದರಿಂದ, ಅಕ್ಕಿ ತರುವ ದಿನ ತಾತ್ಕಾಲಿಕವಾಗಿ ಲಾಕ್ ತೆಗೆದುಕೊಂಡು ಹೋಗಿ.