ಮೂರ್‌ಗೇಟ್‌ಗೆ ಹೋಗುವ ರೈಲು, ನಿಮ್ಮ ಅಮ್ಮನ ಭಯ

ಲಂಡನ್ನಿನ ಹೈಬರಿಯಲ್ಲಿ ಮನೆ ಹಿಡಿದು ಮೂರ್‌ಗೇಟ್‌ನ ಕಚೇರಿಗೆ ದಿನವೂ ಸುರಂಗದ ರೈಲಿನಲ್ಲಿ ಹೋಗಬಹುದೇ ಎಂದು ಕೇಳಿದ್ದೀರಿ. ಅಲ್ಲಿ ಹಿಂದೆ ನಡೆದ ಅಪಘಾತದ ಸುದ್ದಿ ಓದಿದ ನಿಮ್ಮ ಅಮ್ಮ, ತಡವಾದರೂ ಸರಿ, ಬಸ್ಸಿನಲ್ಲೇ ಹೋಗು ಎನ್ನುತ್ತಿದ್ದಾರಂತೆ. ನಾನು ಲಂಡನ್ನಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಅದರಲ್ಲಿ ಹನ್ನೊಂದು ವರ್ಷ ಇದೇ ದಾರಿಯಲ್ಲಿ ಓಡಾಡಿದ್ದೇನೆ. ಧೈರ್ಯವಾಗಿ ಹೋಗಿ. ಆದರೆ ಅಮ್ಮನಿಗೆ "ಏನೂ ಆಗುವುದಿಲ್ಲ ಬಿಡಮ್ಮಾ" ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ನಡೆದದ್ದನ್ನು ಪೂರ್ತಿ ಹೇಳಿ. ಅವರ ನಿದ್ದೆ ಕೆಡಿಸಿರುವುದು ಅರ್ಧ ತಿಳಿದ ಸುದ್ದಿ.

1975ರ ಫೆಬ್ರುವರಿ 28, ಶುಕ್ರವಾರ. ಡ್ರೇಟನ್ ಪಾರ್ಕ್‌ನಿಂದ ಹೊರಟ ಆರು ಬೋಗಿಗಳ ರೈಲು ಬೆಳಿಗ್ಗೆ 8.46ಕ್ಕೆ ಮೂರ್‌ಗೇಟ್‌ನ 9ನೇ ಪ್ಲಾಟ್‌ಫಾರ್ಮ್ ತಲುಪಿತು. ಅದು ಕೊನೆಯ ನಿಲ್ದಾಣ, ಹಳಿ ಅಲ್ಲಿಗೇ ಮುಗಿಯುತ್ತದೆ. ನಿಲ್ಲಬೇಕಿದ್ದ ರೈಲು ಗಂಟೆಗೆ ಸುಮಾರು 35 ಮೈಲಿ ವೇಗದಲ್ಲಿ ಪ್ಲಾಟ್‌ಫಾರ್ಮ್ ದಾಟಿ, ತಡೆಗೆಂದು ಹಾಕಿದ್ದ ಮರಳನ್ನು ಸೀಳಿಕೊಂಡು ಸುರಂಗದ ಗೋಡೆಗೆ ಅಪ್ಪಳಿಸಿತು. 52 ಅಡಿಯ ಮೊದಲ ಬೋಗಿ 20 ಅಡಿಗೆ ಮುದುಡಿತು. 43 ಜನ ಸತ್ತರು, 74 ಜನ ಗಾಯಗೊಂಡರು. ಬದುಕಿದ್ದವರಲ್ಲಿ ಕೊನೆಯವರನ್ನು ಹೊರತೆಗೆಯುವಷ್ಟರಲ್ಲಿ ರಾತ್ರಿಯಾಗಿತ್ತು. ಎಲ್ಲರಿಗಿಂತ ಮುಂದೆ ಕುಳಿತಿದ್ದ ಚಾಲಕರ ದೇಹ ಸಿಕ್ಕಿದ್ದು ಮಾರ್ಚ್ 4ರಂದು.

ಕಾರಣವೇನು ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ತನಿಖೆಯಲ್ಲಿ ರೈಲಿನ ದೋಷ ಯಾವುದೂ ಕಾಣಲಿಲ್ಲ. ಆ ರೈಲಿನಲ್ಲಿ ಚಾಲಕರು ಒಂದು ಹಿಡಿಯನ್ನು ಸದಾ ಒತ್ತಿಕೊಂಡಿರಬೇಕಿತ್ತು; ಅವರು ಕುಸಿದು ಕೈ ಸಡಿಲವಾದರೆ ಬ್ರೇಕ್ ತಾನಾಗಿಯೇ ಬೀಳುತ್ತಿತ್ತು. ಅಂದು ಕೈ ಸಡಿಲವಾಗಲೇ ಇಲ್ಲ. ಆತ್ಮಹತ್ಯೆಯಿರಬೇಕು ಎಂದವರೂ ಇದ್ದಾರೆ. ಮಗಳಿಗೆ ಕಾರು ಕೊಳ್ಳಲೆಂದು 270 ಪೌಂಡ್ ಜೇಬಿನಲ್ಲಿಟ್ಟುಕೊಂಡು ಕೆಲಸಕ್ಕೆ ಬಂದಿದ್ದ ಮನುಷ್ಯನ ಬಗ್ಗೆ ಆ ಮಾತನ್ನು ನಂಬಲು ನನ್ನ ಮನಸ್ಸು ಒಪ್ಪುವುದಿಲ್ಲ. ಆಕಸ್ಮಿಕ ಸಾವು ಎಂದು ತೀರ್ಪು ಬಂತು.

ಮುಂದಿನದನ್ನು ಅಮ್ಮನಿಗೆ ತಪ್ಪದೆ ಹೇಳಿ. ಕಾರಣ ಸಿಗಲಿಲ್ಲವೆಂದು ಇಲ್ಲಿನ ರೈಲಿನವರು ಕಡತ ಮುಚ್ಚಲಿಲ್ಲ. ಸತ್ತ ಚಾಲಕರ ತಲೆಗೆ ತಪ್ಪು ಕಟ್ಟಿ ಕೈತೊಳೆದುಕೊಂಡಿದ್ದರೆ ಯಾರೂ ಕೇಳುವವರಿರಲಿಲ್ಲ. ಚಾಲಕರಿಗೆ ಏನೇ ಆಗಿರಲಿ, ರೈಲು ಗೋಡೆಯವರೆಗೆ ಹೋಗಲು ಬಿಟ್ಟದ್ದು ಹೇಗೆ ಎಂದು ಪ್ರಶ್ನೆಯನ್ನೇ ಬದಲಿಸಿದರು. ಮೊದಲು, ಕೊನೆಯ ನಿಲ್ದಾಣಗಳನ್ನು ಹೊಗುವಾಗ ಗಂಟೆಗೆ 10 ಮೈಲಿ ದಾಟಕೂಡದು ಎಂಬ ನಿಯಮ ಬಂತು. ಆಮೇಲೆ ಆ ನಿಯಮವನ್ನು ಕಾಯಲು ಯಂತ್ರವನ್ನೇ ಇಟ್ಟರು. ಹಳಿಯ ಪಕ್ಕ ಒಂದು ತೋಳು ಎದ್ದು ನಿಂತಿರುತ್ತದೆ. ರೈಲು ಗೊತ್ತುಪಡಿಸಿದಷ್ಟು ನಿಧಾನವಾಗಿ ಬಂದರೆ ಮಾತ್ರ ಅದು ತಗ್ಗುತ್ತದೆ. ವೇಗವಾಗಿ ಬಂದರೆ ಬೋಗಿಯಡಿಯ ಸನ್ನೆಕೋಲಿಗೆ ತಗುಲಿ ಬ್ರೇಕ್ ಹಾಕಿಸಿಬಿಡುತ್ತದೆ. ಎಲ್ಲ ಕಡೆ ಅಳವಡಿಸಲು ವರ್ಷಗಳೇ ಹಿಡಿದವು. ಟ್ಯೂಬ್, ಅಂದರೆ ಲಂಡನ್ನಿನ ಸುರಂಗ ರೈಲಿನ ನೌಕರರ ಬಾಯಲ್ಲಿ ಅದರ ಹೆಸರು ಮೂರ್‌ಗೇಟ್ ಕಂಟ್ರೋಲ್.

ನಿಮ್ಮ ಮಾರ್ಗ 1976ರಿಂದ ಟ್ಯೂಬ್‌ನಲ್ಲಿಲ್ಲ, ಮುಖ್ಯ ರೈಲು ಜಾಲಕ್ಕೆ ಸೇರಿದೆ. ಈಗ ಅಲ್ಲಿ ವೇಗದ ಮಿತಿ ಚಾಲಕರ ಮುಂದಿನ ಪರದೆಯಲ್ಲೇ ಕಾಣುತ್ತದೆ. ಮೀರಿದರೆ ರೈಲೇ ಬ್ರೇಕ್ ಹಾಕಿಕೊಳ್ಳುತ್ತದೆ.

ಮೂರ್‌ಗೇಟ್‌ಗೆ ಮುಂಚಿನ ನಿಲ್ದಾಣವಾದ ಓಲ್ಡ್ ಸ್ಟ್ರೀಟ್ ಬಿಟ್ಟ ಮೇಲೆ ರೈಲು ತೆವಳಿದಂತೆ ಹೋಗುತ್ತದೆ. ಕಚೇರಿಗೆ ತಡವಾದ ದಿನ ನಾನೂ ಚಡಪಡಿಸಿದ್ದೇನೆ. ಒಂದು ಮಧ್ಯಾಹ್ನ ಫಿನ್ಸ್‌ಬರಿ ಚೌಕದಲ್ಲಿ ಊಟದ ಡಬ್ಬಿ ಹಿಡಿದು ಕೂರಲು ಜಾಗ ಹುಡುಕುವಾಗ, ಸತ್ತವರ ಹೆಸರುಗಳಿರುವ ಸ್ಮಾರಕದ ಕಲ್ಲು ಕಣ್ಣಿಗೆ ಬಿತ್ತು. ನಿಂತು ಎಲ್ಲ ಹೆಸರುಗಳನ್ನೂ ಓದಿದೆ. ಅಂದಿನಿಂದ ಆ ನಿಧಾನಕ್ಕೆ ಗೊಣಗುವುದನ್ನು ಬಿಟ್ಟೆ. ಆ ಕಲ್ಲು ನೆಟ್ಟದ್ದು 2013ರಲ್ಲಿ, ಸಾವಿಗೆ 38 ವರ್ಷಗಳಾದ ಮೇಲೆ. ಸುರಕ್ಷತೆಯ ಕೆಲಸದಲ್ಲಿ ಇವರ ಬಗ್ಗೆ ನನಗಿರುವ ಗೌರವ ಈ ವಿಷಯದಲ್ಲಿಲ್ಲ. ಅಷ್ಟು ವರ್ಷ ಸತ್ತವರ ಮನೆಯವರು ಹೂವಿಡಲು ಜಾಗವಿಲ್ಲದೆ ಕಾದರು.

ಮೊದಲ ದಿನ ಒಬ್ಬರೇ ಹೋಗುವುದು ಬೇಡ. ಎಂಟೂಕಾಲಕ್ಕೆ ಹೈಬರಿ ನಿಲ್ದಾಣದ ಬಾಗಿಲಲ್ಲಿ ನಾನೂ ನನ್ನ ಹೆಂಡತಿಯೂ ಕಾಯುತ್ತಿರುತ್ತೇವೆ. ಮೂರ್‌ಗೇಟ್‌ನಲ್ಲಿ ಇಳಿದು ಮೇಲೆ ಬಂದ ಕೂಡಲೇ ಅಮ್ಮನಿಗೆ ಫೋನ್ ಮಾಡಿ. ಊರಿನಲ್ಲಿ ಆಗ ಮಧ್ಯಾಹ್ನವಾಗಿರುತ್ತದೆ, ಅವರು ಊಟಕ್ಕೂ ಏಳದೆ ಫೋನಿನ ಮುಂದೆಯೇ ಕುಳಿತಿರುತ್ತಾರೆ.