ಸಂಪಾದಕರ ಉತ್ತರ: ಬಣ್ಣ ಬಳಿದ ಗೋಡೆ, ಸೋರುವ ನಲ್ಲಿ

ಪ್ರಿಯ ಸೋದರಿ,

ನಿಮ್ಮ ಪತ್ರ ತಲುಪಿದೆ. ಹೆಸರನ್ನು ಪ್ರಕಟಿಸಬಾರದೆಂದು ಕೋರಿದ್ದೀರಿ, ಹಾಗೆಯೇ ಆಗಲಿ. ಇತರ ಓದುಗರಿಗೆ ಸಂದರ್ಭ ತಿಳಿಯಬೇಕಾದ್ದರಿಂದ ಪತ್ರದ ಸಾರವನ್ನಷ್ಟೇ ಇಲ್ಲಿ ಕೊಡುತ್ತೇನೆ. ಕಾಲೇಜಿನಲ್ಲಿ ಓದುತ್ತಿರುವ ನೀವು ನಿಮ್ಮ ಕ್ರೈಸ್ತ ಸಭೆಯ ಯುವಜನರೊಡನೆ ನಿಮ್ಮದೇ ನಗರದ ನಡುಭಾಗದ ಹಳೆಯ, ಬಡ ಬಡಾವಣೆಯೊಂದಕ್ಕೆ ಒಂದು ವಾರದ ಮಿಷನ್ ಪ್ರವಾಸ, ಅಂದರೆ ಸೇವೆಗೂ ಸುವಾರ್ತೆಗೂ ಎಂದು ಕೈಗೊಳ್ಳುವ ಪ್ರವಾಸ, ಹೋಗಿದ್ದಿರಿ. ಮನೆಯಿಂದ ಬಸ್ಸಿನಲ್ಲಿ ಒಂದು ಗಂಟೆಯೂ ಹಿಡಿಯದ ಆ ಜಾಗದಲ್ಲಿ ಅದುವರೆಗೆ ನೀವು ಒಮ್ಮೆಯೂ ಇಳಿದಿರಲಿಲ್ಲ. ಅಲ್ಲಿನ ಸೇವಾಕೇಂದ್ರದ ನೆಲದ ಮೇಲೆ ಮಲಗಿದಿರಿ, ಹೊರಗೋಡೆಗೆ ಬಣ್ಣ ಬಳಿದಿರಿ, ಮಕ್ಕಳಿಗೆ ಹಾಡು ಹೇಳಿಕೊಟ್ಟಿರಿ, ಸಂಜೆ ಹೊತ್ತು ಸಾಲಿನಲ್ಲಿ ನಿಂತವರಿಗೆ ಊಟ ಬಡಿಸಿದಿರಿ. ಹಿಂದಿರುಗಿದ ಮೇಲೆ ಭಾನುವಾರದ ಆರಾಧನೆಯಲ್ಲಿ ಸಾಕ್ಷಿ (ನಂಬಿಕೆಯ ಅನುಭವ) ಹೇಳುವಾಗ, ಅಲ್ಲಿನ ಜನರ ಬಳಿ ಏನೂ ಇಲ್ಲದಿದ್ದರೂ ಎಷ್ಟೊಂದು ಸಂತೋಷವಾಗಿದ್ದಾರೆ ಎಂದಿರಿ. ಕುಡಿತ ಬಿಟ್ಟ ಹಿರಿಯರೊಬ್ಬರ ಕಥೆಯನ್ನು ಅವರ ಹೆಸರಿನ ಸಮೇತ ಹೇಳಿದಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಂದಿನಿಂದ ಮನಸ್ಸಿಗೆ ನೆಮ್ಮದಿಯಿಲ್ಲ ಎಂದು ಬರೆದಿದ್ದೀರಿ. ಹಸಿದವರ ಮುಂದೆ ಊಟವಿಟ್ಟು ಧರ್ಮ ಮಾರಲು ಹೋಗಿದ್ದಿರಿ ಎಂದು ಗೆಳತಿಯೊಬ್ಬರು ಹಂಗಿಸಿದ್ದಾರೆ. ಇತ್ತ ಸಭಾಪಾಲಕರು ಮುಂದಿನ ವರ್ಷದ ಗುಂಪಿನ ಹೊಣೆಯನ್ನು ನಿಮಗೇ ಒಪ್ಪಿಸಲು ಬಯಸಿದ್ದಾರೆ. ಒಪ್ಪಿಕೊಳ್ಳಲೇ, ಬಿಡಲೇ ಎಂಬುದು ನಿಮ್ಮ ಪ್ರಶ್ನೆ.

ನಿಮ್ಮ ಪತ್ರದ ಮೂರನೆಯ ಪುಟದಲ್ಲಿ, ಮಕ್ಕಳ ಹಾಡಿನ ವಿವರದ ನಡುವೆ, ಒಂದು ಸಣ್ಣ ಪ್ರಸಂಗ ಬಂದು ಹೋಗುತ್ತದೆ. ನೀವು ಗೋಡೆಗೆ ಬಣ್ಣ ಬಳಿಯುತ್ತಿದ್ದಾಗ ಕೇಂದ್ರದ ಅಡುಗೆಮನೆ ನೋಡಿಕೊಳ್ಳುವ ಮಹಿಳೆ ಹೊರಗೆ ಬಂದು, 'ಕಳೆದ ಸಲ ಬಂದವರೂ ಇದೇ ಗೋಡೆಗೆ ಬಣ್ಣ ಹೊಡೆದರು. ಒಳಗೆ ನಲ್ಲಿ ಸೋರುತ್ತಿದೆ, ಅದನ್ನು ಯಾರೂ ಕೇಳಲಿಲ್ಲ' ಎಂದರು. ನೀವು ನಕ್ಕಿರಿ. ಸಂಜೆ ಗುಂಪಿನ ಮುಖಂಡರಿಗೆ ತಿಳಿಸಿದಾಗ, ಈ ಸಲದ ಕಾರ್ಯಕ್ರಮದಲ್ಲಿ ಅದಿಲ್ಲ ಎಂಬ ಉತ್ತರ ಬಂತು. ನೀವು ಸಾಕ್ಷಿ ಹೇಳುವಾಗ ಈ ಪ್ರಸಂಗವನ್ನು ಬಿಟ್ಟಿರಿ. ನಿಮ್ಮ ಇಡೀ ಪತ್ರದಲ್ಲಿ ಆ ಬಡಾವಣೆಯ ವ್ಯಕ್ತಿಯೊಬ್ಬರು ತಮಗೆ ಏನು ಬೇಕೆಂದು ತಾವಾಗಿ ಹೇಳಿದ್ದು ಇದೊಂದೇ ಕಡೆ. ನಿಮ್ಮ ಅಸಮಾಧಾನದ ಮೂಲವೂ ಇಲ್ಲೇ ಇದೆಯೆಂದು ನನಗೆ ತೋರುತ್ತದೆ. ಆದ್ದರಿಂದ ನನ್ನ ಉತ್ತರದ ಹೆಚ್ಚಿನ ಪಾಲು ಈ ನಲ್ಲಿಯ ಸುತ್ತಲೇ ಇರುತ್ತದೆ.

ಇಂಥ ಪ್ರವಾಸಗಳಲ್ಲಿ ಗೋಡೆಗೆ ಬಣ್ಣ ಬಳಿಯುವ ಕೆಲಸ ಪದೇ ಪದೇ ಬರುವುದಕ್ಕೆ ಕಾರಣಗಳಿವೆ. ಅದಕ್ಕೆ ವಿಶೇಷ ಕೌಶಲ ಬೇಕಾಗಿಲ್ಲ. ಇಪ್ಪತ್ತು ಜನ ಒಟ್ಟಿಗೆ ನಿಂತು ಮಾಡಬಹುದು, ವಾರದೊಳಗೆ ಮುಗಿಯುತ್ತದೆ, ಮುಗಿದದ್ದು ಕಣ್ಣಿಗೆ ಕಾಣುತ್ತದೆ, ಛಾಯಾಚಿತ್ರದಲ್ಲೂ ಚೆನ್ನಾಗಿ ಬರುತ್ತದೆ. ನಲ್ಲಿಯ ವಿಷಯ ಹಾಗಲ್ಲ. ಮೊದಲು ಪ್ಲಂಬರ್ ಬಂದು ನೋಡಬೇಕು. ಸೋರುವುದು ನಲ್ಲಿಯೋ ಗೋಡೆಯೊಳಗಿನ ಕೊಳವೆಯೋ ಎಂದು ತಿಳಿಯಬೇಕು. ಕೊಳವೆಯಾದರೆ ಗೋಡೆ ಒಡೆಯಲು ಕಟ್ಟಡದ ಮಾಲೀಕರು ಒಪ್ಪಬೇಕು, ಅವರು ಫೋನ್ ಎತ್ತದಿದ್ದರೆ ಹುಡುಕಿಕೊಂಡು ಹೋಗಬೇಕು. ಅಲ್ಲಿ ಇಬ್ಬರಿಗಿಂತ ಹೆಚ್ಚು ಜನ ನಿಲ್ಲಲು ಜಾಗವಿಲ್ಲ, ಯಾವ ದಿನ ಮುಗಿಯುತ್ತದೆಂದು ಮೊದಲೇ ಹೇಳಲೂ ಬರುವುದಿಲ್ಲ. ಆದ್ದರಿಂದ ಪ್ರವಾಸದ ಯೋಜನೆ ಬರೆಯುವವರ ಕೈ ತಾನಾಗಿಯೇ ಗೋಡೆಯ ಕಡೆಗೆ ಹೋಗುತ್ತದೆ. ಯಾರದೂ ದುರುದ್ದೇಶವಿಲ್ಲ. ಗುಂಪು ಎಷ್ಟು ದೊಡ್ಡದು, ರಜೆ ಎಷ್ಟು ದಿನ, ಮಕ್ಕಳನ್ನು ಕಳಿಸಿದ ತಂದೆತಾಯಿಯರಿಗೆ ಕೊನೆಯಲ್ಲಿ ಏನನ್ನು ತೋರಿಸಬೇಕು ಎಂಬ ಲೆಕ್ಕಗಳೇ ಕೆಲಸವನ್ನು ಆರಿಸಿಬಿಡುತ್ತವೆ. ಬಂದವರಿಗೆ ಏನಾದರೂ ಕೆಲಸ ಕೊಡಬೇಕಲ್ಲ ಎಂಬ ದಾಕ್ಷಿಣ್ಯಕ್ಕೆ ಕೇಂದ್ರದವರೂ ಬಣ್ಣದ ಡಬ್ಬಿಗಳನ್ನು ತೆಗೆದಿಟ್ಟಿರುತ್ತಾರೆ. ಆ ವಾರ ಯಾರು ಯಾರಿಗೆ ಉಪಕಾರ ಮಾಡಿದರೆಂದು ಕೇಳಿದರೆ, ಕೇಂದ್ರದವರು ನಿಮಗೆ ಎಂದೇ ನಾನು ಉತ್ತರಿಸಬೇಕಾಗುತ್ತದೆ.

1968ರ ಏಪ್ರಿಲ್ ತಿಂಗಳಲ್ಲಿ, ಮೆಕ್ಸಿಕೋದ ಹಳ್ಳಿಗಳಲ್ಲಿ ಬೇಸಿಗೆ ಕಳೆಯಲು ಹೊರಟಿದ್ದ ಅಮೆರಿಕದ ವಿದ್ಯಾರ್ಥಿ ಸ್ವಯಂಸೇವಕರ ಮುಂದೆ ಕ್ಯಾಥೊಲಿಕ್ ಪಾದ್ರಿ ಇವಾನ್ ಇಲ್ಲಿಚ್ ಮಾಡಿದ ಭಾಷಣವೊಂದು ಇಂದಿಗೂ ಇಂಥ ಚರ್ಚೆಗಳಲ್ಲಿ ನೆನಪಾಗುತ್ತದೆ. ನಿಮ್ಮ ಸದುದ್ದೇಶವನ್ನು ನೀವೇ ಇಟ್ಟುಕೊಳ್ಳಿ, ಅಲ್ಲಿಗೆ ಹೋಗಬೇಡಿ ಎಂದು ಅವರು ಮುಖಕ್ಕೆ ಹೊಡೆದಂತೆ ಹೇಳಿದರು. ಬಡವರ ನಡುವೆ ಕೆಲಸ ಮಾಡಲೇಬೇಕೆಂಬ ಕರೆ ನಿಮಗಿದ್ದರೆ, ನಿಮ್ಮನ್ನು ತೊಲಗಿ ಎಂದು ನಿಮಗೆ ಅರ್ಥವಾಗುವ ಹಾಗೆ ಬೈದು ಹೇಳಬಲ್ಲ ಬಡವರ ನಡುವೆ ಮಾಡಿ, ಆಗ ಸೋತಾಗ ಸೋತೆವೆಂದಾದರೂ ನಿಮಗೆ ತಿಳಿಯುತ್ತದೆ ಎಂಬುದು ಅವರ ವಾದದ ತಿರುಳಾಗಿತ್ತು. ಅವರ ಮಾತಿನ ಕಹಿಯನ್ನೆಲ್ಲ ಒಪ್ಪಬೇಕಾಗಿಲ್ಲ. ಆದರೆ ನಿಮ್ಮ ಪ್ರವಾಸ ದೂರದೇಶದ್ದಾಗಿರಲಿಲ್ಲ, ಭಾಷೆಯ ಅಡ್ಡಿಯೂ ಇರಲಿಲ್ಲ. ಇಲ್ಲಿಚ್ ಬಯಸಿದ್ದು ನಿಮಗೆ ಕೇಳದೆಯೇ ದಕ್ಕಿತ್ತು. ಒಬ್ಬ ಮಹಿಳೆ ನಿಮ್ಮದೇ ಮಾತಿನಲ್ಲಿ, ಬೈಯದೆ, ನಿಮ್ಮ ಕೆಲಸ ತಮಗೆ ಬೇಕಾದದ್ದಲ್ಲ ಎಂದು ತಿಳಿಸಿದರು. ಸ್ವಂತ ಊರಿನಲ್ಲೇ ಮಾಡುವ ಮಿಷನ್ ಪ್ರವಾಸಕ್ಕೆ ಇರುವ ದೊಡ್ಡ ಅನುಕೂಲ ಇದೇ. ಅದನ್ನು ಬಳಸಿಕೊಳ್ಳದಿದ್ದರೆ ಊರಿನಲ್ಲಿದ್ದೂ ದೂರದೇಶಕ್ಕೆ ಹೋಗಿಬಂದಂತೆಯೇ.

ನಗರದ ನಡುವಿನ ಬಡಾವಣೆಗಳಲ್ಲಿ ಕ್ರೈಸ್ತ ಸೇವೆ ಪ್ರವಾಸದ ರೂಪದಲ್ಲಿ ಆರಂಭವಾಗಲಿಲ್ಲ. ಸ್ಕಾಟ್ಲೆಂಡಿನ ಡೇವಿಡ್ ನಾಸ್ಮಿತ್ 1826ರಲ್ಲಿ ಗ್ಲಾಸ್ಗೋದಲ್ಲೂ 1835ರಲ್ಲಿ ಲಂಡನ್ನಿನಲ್ಲೂ ನಗರ ಮಿಷನ್‌ಗಳನ್ನು ಕಟ್ಟಿದಾಗ, ಲಂಡನ್ ಮಿಷನ್ನಿನ ಕಾರ್ಯಕರ್ತರಿಗೆ ಒಬ್ಬೊಬ್ಬರಿಗೂ ಒಂದೊಂದು ವಿಭಾಗ ಗೊತ್ತುಮಾಡಿ, ಅದೇ ಮನೆಗಳಿಗೆ ಮತ್ತೆ ಮತ್ತೆ ಹೋಗಿಬರುವಂತೆ ಏರ್ಪಾಡು ಮಾಡಲಾಗಿತ್ತು. 1884ರಲ್ಲಿ ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ ಪಾದ್ರಿ ಸ್ಯಾಮ್ಯುಯೆಲ್ ಬಾರ್ನೆಟ್ ಮತ್ತು ಅವರ ಪತ್ನಿ ಹೆನ್ರಿಯೆಟಾ ಟಾಯ್ನ್‌ಬೀ ಹಾಲ್ ಸ್ಥಾಪಿಸಿದ್ದು ವಿಶ್ವವಿದ್ಯಾಲಯದ ತರುಣರು ಬಡವರ ಬೀದಿಯಲ್ಲೇ ಮನೆ ಮಾಡಿಕೊಂಡು ಇರಲೆಂದು. ಅದನ್ನು ನೋಡಿಬಂದ ಅಮೆರಿಕದ ಜೇನ್ ಆಡಮ್ಸ್, ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಜೊತೆಗೂಡಿ 1889ರಲ್ಲಿ ಶಿಕಾಗೋದಲ್ಲಿ ಅಂಥದೇ ಹಲ್ ಹೌಸ್ ತೆರೆದರು. ಇದು ಧರ್ಮಬೋಧನೆಯ ಕೇಂದ್ರವಾಗಿರಲಿಲ್ಲ, ಆದರೂ ನಿಮ್ಮ ಪ್ರಶ್ನೆಗೆ ಇಲ್ಲಿನ ಒಂದು ಸಂಗತಿ ತೀರ ಹತ್ತಿರದ್ದು. ಸುಶಿಕ್ಷಿತ ಮನೆತನದ ಈ ಹೆಣ್ಣುಮಕ್ಕಳು ನೆರೆಯವರೊಡನೆ ಓದು, ಕಲೆ ಹಂಚಿಕೊಳ್ಳುವ ಹಂಬಲದಿಂದ ಬಂದವರು. ಅಲ್ಲೇ ಇರತೊಡಗಿದ ಮೇಲೆ ಕಣ್ಣಿಗೆ ಬಿದ್ದದ್ದು ಬೀದಿಯಲ್ಲಿ ಕೊಳೆಯುತ್ತಿದ್ದ ಕಸದ ರಾಶಿ, ಮಕ್ಕಳ ಕಾಯಿಲೆ. ಆಡಮ್ಸ್ ಕಸ ಸಾಗಿಸುವ ಗುತ್ತಿಗೆಗೇ ಅರ್ಜಿ ಹಾಕಿದರು. ಅದು ತಿರಸ್ಕೃತವಾಯಿತು, ಆದರೆ 1895ರಲ್ಲಿ ನಗರದ ಮೇಯರ್ ಅವರನ್ನು ಆ ವಾರ್ಡಿನ ಕಸದ ಇನ್‌ಸ್ಪೆಕ್ಟರ್ ಆಗಿ ನೇಮಿಸಿದರು. ಬೆಳಗಿನ ಜಾವ ಎದ್ದು ಕಸದ ಗಾಡಿಗಳು ಬರುತ್ತವೆಯೋ ಇಲ್ಲವೋ ಎಂದು ನೋಡುವ ಕೆಲಸ ಅದು. 1931ರಲ್ಲಿ ನೊಬೆಲ್ ಶಾಂತಿ ಪುರಸ್ಕಾರ ಪಡೆದ ಮಹಿಳೆ ಇವರು. ಆ ಬೀದಿಯಲ್ಲಿ ಒಂದು ವಾರವಿದ್ದು ಹೊರಟುಹೋಗಿದ್ದರೆ ಅವರೂ ಚಿತ್ರಪ್ರದರ್ಶನ ಏರ್ಪಡಿಸಿಯೇ ಹಿಂದಿರುಗುತ್ತಿದ್ದರೋ ಏನೋ.

ಒಂದು ವಾರದಲ್ಲಿ ಕಾಣದೆ ಉಳಿಯುವುದು ಕೆಲಸವೊಂದೇ ಅಲ್ಲ, ಕಾರಣಗಳೂ ಕಾಣುವುದಿಲ್ಲ. ಅತಿಥಿಯ ಕಣ್ಣಿಗೆ ಕುಡಿದು ಕುಳಿತವನು ಕಾಣುತ್ತಾನೆ, ಶಾಲೆ ಬಿಟ್ಟ ಹುಡುಗ ಕಾಣುತ್ತಾನೆ, ಬಾಡಿಗೆ ಕರಾರು ಕಾಣುವುದಿಲ್ಲ. ನಗರದ ಒಳಭಾಗಕ್ಕೆ ಮಿಷನ್ ಪ್ರವಾಸ ಹೋಗುವ ರೂಢಿ ಬಲವಾಗಿರುವ ಅಮೆರಿಕವನ್ನೇ ನೋಡಿ. 1930ರ ದಶಕದಲ್ಲಿ ಅಲ್ಲಿನ ಸರ್ಕಾರಿ ಸಂಸ್ಥೆಯೊಂದು ನಗರದ ಬಡಾವಣೆಗಳನ್ನು ಸಾಲ ಕೊಡುವವರಿಗಿರುವ ಅಪಾಯದ ಲೆಕ್ಕದಲ್ಲಿ ವಿಂಗಡಿಸಿ, ಕಪ್ಪು ಜನರಿದ್ದ ಬೀದಿಗಳನ್ನು ಬಹುಮಟ್ಟಿಗೆ ನಕ್ಷೆಯಲ್ಲಿ ಅಪಾಯದ ಕೆಂಪು ಬಣ್ಣದಲ್ಲಿ ಗುರುತಿಸಿತು. ಅಂಥ ಬೀದಿಗಳಲ್ಲಿ ಮನೆಸಾಲ ಸಿಗುವುದು ದುಸ್ತರವಾಯಿತು. ಎರಡನೆಯ ಮಹಾಯುದ್ಧದ ನಂತರ ಸುಲಭ ಸಾಲದಿಂದ ಹೊರವಲಯಗಳು ಬೆಳೆದವು. 1956ರ ಕಾಯ್ದೆಯ ಬಲದಿಂದ ಕಟ್ಟಿದ ಹೆದ್ದಾರಿಗಳು ಅನೇಕ ಹಳೆಯ ಬಡಾವಣೆಗಳನ್ನು ಸೀಳಿಕೊಂಡು ಹೋದವು. ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಜನಾಂಗ ನೋಡಿ ಭೇದ ಮಾಡಬಾರದೆಂಬ ರಾಷ್ಟ್ರೀಯ ಕಾನೂನು ಬಂದದ್ದು 1968ರಲ್ಲಿ. ಅಷ್ಟರಲ್ಲಿ ಅನುಕೂಲಸ್ಥ ಬಿಳಿಯರು ದೊಡ್ಡ ಸಂಖ್ಯೆಯಲ್ಲಿ ಹೊರಟುಹೋಗಿದ್ದರು, ಅವರ ಹಿಂದೆ ಎಷ್ಟೋ ಸಭೆಗಳೂ ಕಟ್ಟಡ ಮಾರಿ ಹೊರಟಿದ್ದವು. ಅಂಥ ಸಭೆಗಳ ಮೊಮ್ಮಕ್ಕಳು ಬಣ್ಣದ ಡಬ್ಬಿ ಹಿಡಿದು ಅದೇ ಬೀದಿಗೆ ಅತಿಥಿಗಳಾಗಿ ಬಂದದ್ದೂ ಉಂಟು. ನಿಮ್ಮ ನಗರದ ಚರಿತ್ರೆ ಬೇರೆಯಿರಬಹುದು. ಆದರೆ ನೀವು ಹೋದ ಬೀದಿ ಹಾಗೇಕಾಯಿತು, ಅಲ್ಲಿಂದ ಯಾರು, ಯಾವಾಗ, ಏಕೆ ಹೊರಟರು ಎಂಬುದನ್ನು ನಿಮ್ಮ ಸಭೆಯ ಹಿರಿಯರಲ್ಲಿ ಕೇಳಿನೋಡಿ. ಉತ್ತರ ನಿಮ್ಮ ಸಭೆಯ ದಾಖಲೆ ಪುಸ್ತಕದಲ್ಲೇ ಇದ್ದರೂ ಆಶ್ಚರ್ಯವಿಲ್ಲ.

ಇನ್ನು ನಿಮ್ಮ ಸಾಕ್ಷಿಯ ವಿಷಯ. ಏನೂ ಇಲ್ಲದಿದ್ದರೂ ಅವರು ಸಂತೋಷವಾಗಿದ್ದಾರೆ ಎಂಬ ಮಾತನ್ನು ಇಂಥ ಪ್ರವಾಸದಿಂದ ಬಂದ ಹಲವರ ಬಾಯಲ್ಲಿ ಕೇಳಿದ್ದೇನೆ, ನನಗದು ಎಂದೂ ರುಚಿಸಿಲ್ಲ. ಮನೆಗೆ ಬಂದವರನ್ನು ನಗುಮುಖದಿಂದ ಕಾಣುವುದು ಮರ್ಯಾದೆ. ಆ ಮರ್ಯಾದೆಯನ್ನು ಅವರ ಬದುಕಿನ ವರದಿಯೆಂದು ಓದಿಕೊಂಡರೆ, ಕೇಳುವ ಸಭಿಕರು ಯಾವ ಹೊಣೆಯೂ ಇಲ್ಲದೆ ಹಗುರಾಗಿ ಮನೆಗೆ ಹೋಗುತ್ತಾರೆ. ನಲ್ಲಿ ಸೋರುತ್ತಿದೆ ಎಂದು ಹೇಳಿದ್ದರೆ ಅವರಲ್ಲೊಬ್ಬ ಪ್ಲಂಬರ್ ಎದ್ದು ನಿಲ್ಲುವ ಸಾಧ್ಯತೆಯಾದರೂ ಇತ್ತು. ಕುಡಿತ ಬಿಟ್ಟ ಹಿರಿಯರ ಕಥೆಯದು ಇನ್ನೂ ಗಂಭೀರ. ಅವರು ಅದನ್ನು ನಿಮ್ಮ ಜೊತೆ ಕುಳಿತಾಗ ನಿಮಗೆ ಹೇಳಿದರು. ಅವರನ್ನು ಕೇಳದೆ, ಅವರಿಲ್ಲದ ಕಡೆ, ಅವರ ಹೆಸರು ಹಿಡಿದು ನೂರಾರು ಜನರ ಮುಂದೆ ಹೇಳುವ ಅಧಿಕಾರ ನಿಮಗಿರಲಿಲ್ಲ. ಒಂದೇ ನಗರವಾದ್ದರಿಂದ ಆ ಮಾತು ತಿರುಗಿ ಅವರ ಕಿವಿಗೆ ಬೀಳಬಹುದು, ಅವರಿಗೆ ಕೆಲಸ ಕೊಡುವವರ ಕಿವಿಗೂ ಬೀಳಬಹುದು. ನೀವು ಹೋಗಿ ಅವರಿಗೆ ವಿಷಯ ತಿಳಿಸಿ ಕ್ಷಮೆ ಕೇಳಬೇಕು. ಮಕ್ಕಳ ಛಾಯಾಚಿತ್ರಗಳನ್ನು ತಂದೆತಾಯಿಯರ ಒಪ್ಪಿಗೆಯಿಲ್ಲದೆ ಎಲ್ಲಾದರೂ ಹಾಕಿದ್ದರೆ ಇಂದೇ ತೆಗೆದುಬಿಡಿ.

ನಿಮ್ಮ ಗೆಳತಿಯ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಊಟಕ್ಕೆ ಮುಂಚೆ ಪ್ರಾರ್ಥನೆಯೂ ಕಿರು ಬೋಧನೆಯೂ ಇರುತ್ತಿದ್ದವು, ಒಬ್ಬ ಮುದುಕರು ಒಂದು ಕಣ್ಣು ಮುಚ್ಚಿ ಇನ್ನೊಂದು ಕಣ್ಣಿನಿಂದ ಸಾಲು ಹೊರಡುವುದನ್ನು ಕಾಯುತ್ತಿದ್ದರು ಎಂದು ನೀವೇ ಬರೆದಿದ್ದೀರಿ. ನಿರಾಶ್ರಿತರಿಗೆಂದು ನಗರಗಳಲ್ಲಿ ತೆರೆದ ಎಷ್ಟೋ ಮಿಷನ್‌ಗಳಲ್ಲಿ ಮೊದಲು ಬೋಧನೆ, ಆಮೇಲೆ ಊಟ ಎಂಬ ಕ್ರಮವಿತ್ತು, ಕೆಲವೆಡೆ ಈಗಲೂ ಇದೆ. ಹಸಿದವನು ಆ ಗಳಿಗೆಯಲ್ಲಿ ಎದ್ದುಹೋಗಲಾರ, ಎದ್ದುಹೋಗಲಾರದವನ ಮುಂದೆ ಆಡಿದ ಸುವಾರ್ತೆಯನ್ನು ಅವನು ಕೇಳಿದನೆಂದು ಹೇಗೆ ಹೇಳುವುದು? ಮೊದಲು ಎಲ್ಲರಿಗೂ ಊಟವಾಗಲಿ. ಆಮೇಲೆ ಉಳಿಯಬೇಕೆನ್ನುವವರು ಉಳಿಯಲಿ. ಉಳಿಯುವವರು ಮೂವರೇ ಆದರೂ ಆ ಪ್ರಾರ್ಥನೆ ಪ್ರಾಮಾಣಿಕವಾಗಿರುತ್ತದೆ. ಹೀಗೆಂದ ಮಾತ್ರಕ್ಕೆ ನಂಬಿಕೆಯನ್ನು ಮನೆಯಲ್ಲಿ ಬಿಟ್ಟು ಹೋಗಿ ಎನ್ನುತ್ತಿಲ್ಲ. ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಯೇಸು ಎಪ್ಪತ್ತು ಮಂದಿಯನ್ನು ಇಬ್ಬಿಬ್ಬರಾಗಿ ಊರೂರಿಗೆ ಕಳಿಸುವ ಭಾಗವನ್ನು ಇನ್ನೊಮ್ಮೆ ಓದಿ. ಹಣದ ಚೀಲ ಒಯ್ಯಬೇಡಿ, ಜೋಳಿಗೆ ಒಯ್ಯಬೇಡಿ, ಕರೆದ ಮನೆಯಲ್ಲೇ ಉಳಿಯಿರಿ, ಮುಂದಿಟ್ಟದ್ದನ್ನು ಉಣ್ಣಿರಿ ಎಂಬ ಅಪ್ಪಣೆಗಳು ಅಲ್ಲಿವೆ. ಕಳಿಸಲ್ಪಟ್ಟವರೇ ಅಲ್ಲಿ ಕೈಬರಿದಾದವರು, ಉಣಬಡಿಸುವವರು ಊರಿನವರು. ನಿಮ್ಮ ಗುಂಪು ಆ ವಾರದಲ್ಲಿ ಒಂದು ಹೊತ್ತಾದರೂ ಅಲ್ಲಿಯವರ ಮನೆಯಲ್ಲಿ ಅವರು ಬಡಿಸಿದ್ದನ್ನು ಉಂಡಿತೇ? ಪತ್ರದಲ್ಲಿ ಆ ವಿವರವಿಲ್ಲ.

ಇಷ್ಟೆಲ್ಲ ಹೇಳಿದ್ದರಿಂದ ಆ ವಾರ ವ್ಯರ್ಥವಾಯಿತೆಂದು ತಿಳಿಯಬೇಡಿ. ಹೆಸರು ಕೇಳಿದರೇ ಭಯಪಡುತ್ತಿದ್ದ ಬೀದಿಯಲ್ಲಿ ಈಗ ರಾತ್ರಿ ಒಬ್ಬಳೇ ನಡೆಯಬಲ್ಲೆ, ಅಲ್ಲಿ ನಾಲ್ವರ ಹೆಸರು ಗೊತ್ತು ಎಂದು ಬರೆದಿದ್ದೀರಿ. ಇದು ಸಣ್ಣ ಗಳಿಕೆಯಲ್ಲ. ಆದರೆ ಗಳಿಸಿದವರು ನೀವು ಎಂಬುದನ್ನು ಮುಚ್ಚಿಡಬಾರದು. ಅದನ್ನು ಇನ್ನೊಬ್ಬರಿಗೆ ಮಾಡಿದ ಸೇವೆಯ ಲೆಕ್ಕಕ್ಕೆ ಬರೆದುಕೊಂಡಾಗಲೇ ನಿಮಗೆ ಇರುಸುಮುರುಸಾದದ್ದು.

ಈಗ ನಿಮ್ಮ ಪ್ರಶ್ನೆ. ಮುಂದಿನ ವರ್ಷದ ಹೊಣೆಯನ್ನು ಒಪ್ಪಿಕೊಳ್ಳಿ ಎಂದೇ ನನ್ನ ಸಲಹೆ, ಏಕೆಂದರೆ ನೀವು ಬಿಟ್ಟರೆ ಆ ಜಾಗಕ್ಕೆ ಬರುವವರಿಗೆ ಈ ಅಸಮಾಧಾನವೂ ಇರಲಿಕ್ಕಿಲ್ಲ. ಆದರೆ ಒಪ್ಪುವ ಮೊದಲು ಸಭಾಪಾಲಕರೊಡನೆ ಕೆಲವು ವಿಷಯಗಳನ್ನು ಖಚಿತಪಡಿಸಿಕೊಳ್ಳಿ. ಈ ತಿಂಗಳಿನಿಂದಲೇ, ಗುಂಪಿನ ಅಂಗಿ ತೊಡದೆ, ಒಬ್ಬರೇ ಅಥವಾ ಗೆಳತಿಯೊಡನೆ ಬಸ್ಸು ಹತ್ತಿ ಆ ಕೇಂದ್ರಕ್ಕೆ ಹೋಗಿಬನ್ನಿ. ನಿಮ್ಮನ್ನು ಹಂಗಿಸಿದ ಗೆಳತಿ ಬರುವುದಾದರೆ ಇನ್ನೂ ಒಳ್ಳೆಯದು. ಪಾತ್ರೆ ತೊಳೆಯುವುದೋ ದಾಸ್ತಾನು ಬರೆದಿಡುವುದೋ, ಅವರು ಹೇಳಿದ ಕೆಲಸವನ್ನು ಅವರು ಹೇಳಿದಂತೆ ಮಾಡಿ. ಮುಂದಿನ ವರ್ಷ ಏನಾಗಬೇಕೆಂಬ ಪಟ್ಟಿಯನ್ನು ಕೇಂದ್ರದವರು ಬರೆಯಲಿ, ಎಷ್ಟು ಜನ ಬೇಕೆಂಬುದನ್ನೂ ಅವರೇ ಹೇಳಲಿ. ಐದೇ ಜನ ಸಾಕೆಂದರೆ ಉಳಿದವರ ಬಸ್ಸು, ಅಂಗಿ, ಊಟಕ್ಕೆ ಆಗುತ್ತಿದ್ದ ಖರ್ಚು ಆ ಪಟ್ಟಿಗೆ ಹೋಗಲಿ. ಮಕ್ಕಳೊಡನೆ ಇರುವವರ ಹಿನ್ನೆಲೆಯನ್ನು ಮೊದಲೇ ವಿಚಾರಿಸಬೇಕು, ಯಾರೂ ಮಗುವಿನೊಡನೆ ಒಂಟಿಯಾಗಿರಬಾರದು. ಇದರಲ್ಲಿ ಚರ್ಚೆಗೆ ಎಡೆಯಿಲ್ಲ.

ಈ ವರ್ಷ ಗುಂಪು ಬೇಡವೇ ಬೇಡ ಎಂದು ಅವರು ಹೇಳುವ ಸಾಧ್ಯತೆಯೂ ಇದೆ. ಹಾಗೆ ಹೇಳಿದರೆ ಪ್ರವಾಸ ರದ್ದಾಗಬೇಕು, ಏಕೆ ರದ್ದಾಯಿತೆಂದು ಭಾನುವಾರ ಸಭೆಯ ಮುಂದೆ ನಿಂತು ನೀವೇ ತಿಳಿಸಬೇಕು. ಈ ಷರತ್ತಿಗೆ ನಿಮ್ಮ ಸಭಾಪಾಲಕರು ಒಪ್ಪುತ್ತಾರೋ ಇಲ್ಲವೋ ಎಂದು ಮೊದಲು ಕೇಳಿ. ಈ ಉತ್ತರವನ್ನು ಅವರಿಗೆ ತೋರಿಸಲು ನನ್ನ ಅಭ್ಯಂತರವಿಲ್ಲ. ಅವರಿಗೆ ಭಿನ್ನಾಭಿಪ್ರಾಯವಿದ್ದರೆ ಬರೆದು ಕಳಿಸಲಿ, ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

— ಸಂಪಾದಕ